ಸೀಗಡಿ ಅಲರ್ಜಿ ಇದ್ದರೆ ಕಡಾಯಿಯ ಎಣ್ಣೆಯ ಬಗ್ಗೆ ಕೇಳಿ

ಕಲಬುರಗಿಯ ಒಂದು ಹೋಟೆಲ್‌ನಲ್ಲಿ ಸೀಗಡಿ ಅಲರ್ಜಿ ಇರುವ ಯುವಕನೊಬ್ಬ ಗೋಬಿ 65 ತರಿಸಿಕೊಂಡ. ಮೊದಲೇ ಕೇಳಿಯೂ ಇದ್ದ. "ಜಿಂಗಾ (ಸೀಗಡಿ) ಇಲ್ರೀ, ಬರೇ ಗೋಬಿ ಅದ" ಎಂದು ವೇಟರ್ ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮುಂಚೆ ಅದೇ ಎಣ್ಣೆಯಲ್ಲಿ ಸೀಗಡಿ ಕರಿದಿದ್ದರು. ಕಾಲು ಗಂಟೆಯೊಳಗೆ ತುಟಿ ಊದಿತು, ಮೈತುಂಬ ದದ್ದೆದ್ದವು, ದನಿ ಗೊಗ್ಗರಾಯಿತು. ಜೊತೆಯವರು ಸೆಟ್ರಿಜಿನ್ ಮಾತ್ರೆ ನುಂಗಿಸಿ ಬೈಕ್ ಮೇಲೆ ನಡುವೆ ಕೂರಿಸಿಕೊಂಡು ಹೊರಟರು. ದಾರಿಯಲ್ಲೇ ಪ್ರಜ್ಞೆ ತಪ್ಪಿತು. ಆಸ್ಪತ್ರೆ ಹತ್ತಿರವಿತ್ತು, ಬದುಕಿದ. ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಹೀಗಾಗಿದ್ದರೆ ಏನಾಗುತ್ತಿತ್ತೋ!

ಸೀಗಡಿ, ಏಡಿಗಳಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನ್ ಟ್ರೊಪೊಮಯೋಸಿನ್. ಅದು ಬೇಯಿಸಿದರೂ ಕರಿದರೂ ನಾಶವಾಗುವುದಿಲ್ಲ. ಎಣ್ಣೆಯಲ್ಲಿ ಉಳಿದ ಚೂರು, ಜಾಲರಿ ಸೌಟು, ನೂಡಲ್ಸ್ ಹುರಿಯುವ ಬಾಣಲೆ, ಯಾವುದರಿಂದ ಬೇಕಾದರೂ ಅದು ತಟ್ಟೆಗೆ ಬರಬಹುದು. ಅದಕ್ಕೇ "ಇದರಲ್ಲಿ ಸೀಗಡಿ ಇದೆಯಾ" ಎಂದಷ್ಟೇ ಕೇಳಿದರೆ ಸಾಲದು. "ಈ ಎಣ್ಣೆಯಲ್ಲಿ ಇವತ್ತು ಸೀಗಡಿ, ಏಡಿ ಕರಿದಿದ್ದೀರಾ, ಯಾವ ಸಾಸ್ ಹಾಕುತ್ತೀರಿ" ಎಂದು ಅಡುಗೆ ಮಾಡುವವರನ್ನೇ ಕೇಳಿ. ಚೈನೀಸ್ ಅಡುಗೆಯ ಆಯ್ಸ್ಟರ್ ಸಾಸ್ ಚಿಪ್ಪುಜೀವಿಯದು, ಫಿಶ್ ಸಾಸ್ ಮೀನಿನದು. ಉತ್ತರ ತಡವರಿಸಿದರೆ ಅಲ್ಲಿ ಕರಿದದ್ದನ್ನು ತಿನ್ನಲೇಬೇಡಿ.

ಸಮುದ್ರ ದೂರವಿರುವ ನಮ್ಮ ಭಾಗದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ: "ಇದು ಹೊಳೀ ಏಡಿ, ಏನೂ ಆಗಂಗಿಲ್ಲ." ಭೀಮಾ ನದಿಯ ಏಡಿಯಲ್ಲೂ ಹೊಳೆಯ ಸೀಗಡಿಯಲ್ಲೂ ಅದೇ ಪ್ರೋಟೀನ್ ಇದೆ. ಮೀನಿನ ಅಲರ್ಜಿ ಮಾತ್ರ ಬೇರೆ, ಅದಕ್ಕೆ ಕಾರಣವಾಗುವ ಮುಖ್ಯ ಪ್ರೋಟೀನೇ ಬೇರೆ. ಸೀಗಡಿ ಆಗದ ಎಷ್ಟೋ ಜನ ರೋಹು, ಕಾಟ್ಲಾ ತಿನ್ನಬಲ್ಲರು. ಆದರೆ ಅದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ, ಅಲರ್ಜಿ ತಜ್ಞರು ಹೇಳಲಿ. ಮಾರುಕಟ್ಟೆಯಲ್ಲಿ ಎರಡಕ್ಕೂ ಒಂದೇ ಕತ್ತಿ, ಒಂದೇ ತಕ್ಕಡಿ ಎಂಬುದೂ ನೆನಪಿರಲಿ.

ಪ್ಯಾಕೆಟ್ ಆಹಾರದ ಮೇಲೆ ಮೀನು, ಸೀಗಡಿ, ಏಡಿ ಇದ್ದರೆ ನಮೂದಿಸಬೇಕೆಂದು 2020ರ ಲೇಬಲ್ ನಿಯಮ ಹೇಳುತ್ತದೆ. ಆಯ್ಸ್ಟರ್, ಸ್ಕ್ವಿಡ್‌ನಂಥವು ಆ ಅಲರ್ಜಿ ಪಟ್ಟಿಯಲ್ಲಿಲ್ಲ. ಹಾಗಾಗಿ ಪದಾರ್ಥಗಳ ಸಾಲನ್ನು ಪೂರ್ತಿ ಓದಬೇಕು.

ಈಗ ಆ ಮಾತ್ರೆಯ ವಿಷಯ. ಸೆಟ್ರಿಜಿನ್, ಅವಿಲ್ ತುರಿಕೆ, ದದ್ದು ಇಳಿಸುತ್ತವೆ. ಊದಿಕೊಳ್ಳುತ್ತಿರುವ ಗಂಟಲನ್ನು, ಕುಸಿಯುತ್ತಿರುವ ರಕ್ತದೊತ್ತಡವನ್ನು ಅವು ತಡೆಯುವುದಿಲ್ಲ. ಉಸಿರಾಟದ ತೊಂದರೆ, ದನಿ ಬದಲಾವಣೆ, ತಲೆಸುತ್ತು, ಪದೇ ಪದೇ ವಾಂತಿ ಕಂಡರೆ ಬೇಕಾದ ಔಷಧ ಅಡ್ರಿನಲಿನ್. ತೊಡೆಯ ಹೊರಭಾಗದ ಮಧ್ಯದ ಸ್ನಾಯುವಿಗೆ ಚುಚ್ಚಬೇಕು. 1 ಮಿ.ಲೀ.ನಲ್ಲಿ 1 ಮಿ.ಗ್ರಾಂ ಇರುವ ಆಂಪೂಲ್ (ಔಷಧದ ಪುಟ್ಟ ಗಾಜಿನ ಸೀಸೆ) ಆದರೆ ದೊಡ್ಡವರಿಗೆ 0.5 ಮಿ.ಲೀ. ಮಕ್ಕಳಿಗೆ ತೂಕದ ಪ್ರತಿ ಕೆ.ಜಿ.ಗೆ 0.01 ಮಿ.ಲೀ., ಅಂದರೆ 20 ಕೆ.ಜಿ. ಮಗುವಿಗೆ 0.2 ಮಿ.ಲೀ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಬಹುದು. ಇದನ್ನು ವೈದ್ಯರಿಂದ ಬರೆಸಿಕೊಂಡು, ಅವರ ಮುಂದೆಯೇ ಕಲಿತಿರಬೇಕು. ಇನ್ಸುಲಿನ್ ಸಿರಿಂಜ್ ಬಳಸಬೇಡಿ. ಅದರ ಸೂಜಿ ಗಿಡ್ಡ, ಸ್ನಾಯುವಿಗೆ ಮುಟ್ಟುವುದಿಲ್ಲ. ಅದರ ಮೇಲಿನ ಯೂನಿಟ್ ಗುರುತು ಗಾಬರಿಯಲ್ಲಿ ದಾರಿ ತಪ್ಪಿಸುತ್ತದೆ.

ಬೈಕ್ ಮೇಲೆ ಕೂರಿಸಿದ್ದು ಇನ್ನೂ ದೊಡ್ಡ ಅಪಾಯ. ಒತ್ತಡ ಕುಸಿಯುವಾಗ ಎಬ್ಬಿಸಿ ಕೂರಿಸಿದರೆ, ನಿಲ್ಲಿಸಿದರೆ, ನಡೆಸಿದರೆ ಹೃದಯಕ್ಕೆ ಮರಳುವ ರಕ್ತ ತಟ್ಟನೆ ಕಡಿಮೆಯಾಗುತ್ತದೆ. ಮಲಗಿಸಿ, ಕಾಲು ಎತ್ತರಿಸಿ, 108ಕ್ಕೆ ಫೋನ್ ಮಾಡಿ. ಉಸಿರು ಕಟ್ಟುತ್ತಿದ್ದರೆ ಕಾಲು ಚಾಚಿ ಕೂರಿಸಬಹುದು, ವಾಂತಿಯಾಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ. ಆಸ್ಪತ್ರೆಯಲ್ಲಿ "ಈಗ ಆರಾಮ ಅದ" ಎಂದು ಕೂಡಲೇ ಎದ್ದು ಬರಬೇಡಿ. ಕೆಲವರಿಗೆ ಕೆಲವು ಗಂಟೆಗಳ ಮೇಲೆ ಮತ್ತೆ ಮರುಕಳಿಸುತ್ತದೆ. ವೈದ್ಯರು ಬಿಡುವವರೆಗೆ ಅಲ್ಲೇ ಇರಿ.

ಆಂಪೂಲ್ ಇಡುವ ಜಾಗವೂ ಮುಖ್ಯ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಬೈಕಿನ ಡಿಕ್ಕಿ, ನಿಲ್ಲಿಸಿದ ಕಾರು ಎರಡೂ ಒಲೆಯಂತೆ ಕಾಯುತ್ತವೆ, ಅಡ್ರಿನಲಿನ್ ಅಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಬೆಳಕು ತಾಗದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ, ಫ್ರೀಜರ್‌ನಲ್ಲಿ ಬೇಡ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಅವಧಿ ಮುಗಿದಿದ್ದರೆ ಅದೇ ದಿನ ಹೊಸದು ತನ್ನಿ.