ವ್ಯಾಪಾರಕ್ಕೆ ಫೇಸ್‌ಬುಕ್ ಪೇಜ್ ಇಟ್ಕೊಂಡಿರೋರು ಫುಲ್ ಕಂಟ್ರೋಲ್ ಯಾರ ಹತ್ರ ಇದೆ ಅಂತ ಇವತ್ತೇ ನೋಡ್ಕೊಳ್ಳಿ

ಬೇರೆಯವ್ರ ಕೈಲಿ ಪೇಜ್ ಮಾಡಿಸಿರೋರು ದಯವಿಟ್ಟು ಪೂರ್ತಿ ಓದಿ. ಈ ಮಾವಿನ ಸೀಸನ್ನಲ್ಲಿ ನಮ್ಮ ಚಿಕ್ಕಪ್ಪಂಗೆ ಆಗಿದ್ದು ಇನ್ಯಾರಿಗೂ ಆಗ್ಬಾರ್ದು.

ನಮ್ದು ಶ್ರೀನಿವಾಸಪುರದ ಕಡೆ. ತೋಟದಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ, ಒಂದಷ್ಟು ತೋತಾಪುರಿ. ತೋತಾಪುರಿ ಹೆಂಗೂ ಪಲ್ಪ್ ಫ್ಯಾಕ್ಟರಿಗೆ ಹೋಗತ್ತೆ, ಮಿಕ್ಕಿದ್ದನ್ನ ಮಂಡಿಗೆ ಹಾಕಿದ್ರೆ ಕಮಿಷನ್ನು, ಹಮಾಲಿ, ಗಾಡಿ ಬಾಡಿಗೆ ಎಲ್ಲಾ ಕಳೆದು ಕೈಗೆ ಬರೋದು ಅಷ್ಟಕ್ಕಷ್ಟೇ ಅಂತ ಚಿಕ್ಕಪ್ಪ ಭತ್ತದ ಹುಲ್ಲಲ್ಲಿ ಅಡೆ ಹಾಕಿ, ಬಾಕ್ಸ್ ಮಾಡಿ ಸೀದಾ ಬೆಂಗಳೂರಿನ ಮನೆಗಳಿಗೆ ಕಳಿಸೋಕೆ ಶುರು ಮಾಡಿದ್ರು. ಆರ್ಡರ್ ಹೆಚ್ಚುಕಮ್ಮಿ ಎಲ್ಲಾ ಬರ್ತಿದ್ದಿದ್ದು ಫೇಸ್‌ಬುಕ್ ಪೇಜಿಂದ.

ಪೇಜ್ ಮಾಡ್ಕೊಟ್ಟಿದ್ದು ಡಿಜಿಟಲ್ ಮಾರ್ಕೆಟಿಂಗ್ ಅಂತ ಮಾಡೋ ಒಬ್ಬ ಹುಡುಗ. ಕೆಲಸ ಚೆನ್ನಾಗೇ ಮಾಡ್ತಿದ್ದ, ಸುಳ್ಳು ಹೇಳ್ಬಾರ್ದು, ಫೋಟೋ ವಿಡಿಯೋ ಎಲ್ಲಾ ತೋಟಕ್ಕೇ ಬಂದು ತೆಗೀತಿದ್ದ. "ಅಂಕಲ್ ನಿಮ್ಮನ್ನೂ ಅಡ್ಮಿನ್ ಮಾಡಿದೀನಿ" ಅಂದ. ಚಿಕ್ಕಪ್ಪನ ಫೋನಿಂದ ಪೋಸ್ಟ್ ಹಾಕ್ಬಹುದಿತ್ತು, ಮೆಸೇಜಿಗೆ ರಿಪ್ಲೈ ಮಾಡ್ಬಹುದಿತ್ತು, ಕಾಮೆಂಟ್ ಡಿಲೀಟ್ ಮಾಡ್ಬಹುದಿತ್ತು. ಅಷ್ಟಿದ್ಮೇಲೆ ಯಾರಾದ್ರೂ ಅಡ್ಮಿನ್ ಅಂತಾನೇ ತಿಳ್ಕೊಳ್ಳೋದು.

ಈ ವರ್ಷ ಸೀಸನ್ ಶುರುವಾಗೋ ಹೊತ್ತಿಗೆ ಅವ್ನು ತಿಂಗಳ ಫೀಸ್ ಜೊತೆಗೆ ಪ್ರತಿ ಬಾಕ್ಸಿಗೂ ಕಮಿಷನ್ ಕೇಳ್ದ. ಚಿಕ್ಕಪ್ಪ ಒಪ್ಪಲಿಲ್ಲ, ಬಾಕಿ ಫೀಸೆಲ್ಲಾ ಕೊಟ್ಟು ಇನ್ಮೇಲೆ ನಾವೇ ನೋಡ್ಕೋತೀವಪ್ಪ ಅಂದ್ರು. ಜಗಳ ಏನೂ ಆಗ್ಲಿಲ್ಲ. ಆಮೇಲೆ ಒಂದಿನ ಬೆಳಿಗ್ಗೆ ಫೋನ್ ತೆಗೆದ್ರೆ ಪೇಜೇ ಇಲ್ಲ! ನನ್ನ ಫೋನಲ್ಲಿ ಹುಡುಕಿದ್ರೆ ಪೇಜ್ ಇದೆ, ಅದೇ ಹೆಸ್ರು, ಚಿಕ್ಕಪ್ಪ ಮರದ ಕೆಳಗೆ ನಿಂತಿರೋ ಅದೇ ಕವರ್ ಫೋಟೋ, ಆದ್ರೆ ಕೆಳಗಿದ್ದ ಫೋನ್ ನಂಬರ್ ಮಾತ್ರ ಬೇರೆ. ವಾಟ್ಸಾಪ್ ಬಟನ್ ಒತ್ತಿದ್ರೆ ಅದೂ ಆ ಬೇರೆ ನಂಬರಿಗೇ ಹೋಗ್ತಿತ್ತು.

ಹಳೇ ಗಿರಾಕಿಗಳು ಚಿಕ್ಕಪ್ಪನ ನಂಬರ್ ಇಟ್ಕೊಂಡಿದ್ರಲ್ಲ, ಅವ್ರು ಫೋನ್ ಮಾಡಿ ಬೈಯೋಕೆ ಶುರು ಮಾಡಿದ್ಮೇಲೇನೇ ಇದು ಎಲ್ಲಿಗೆ ಹೋಗಿದೆ ಅಂತ ಗೊತ್ತಾಗಿದ್ದು. ಕೆಲವ್ರಿಗೆ ದುಡ್ಡು ಹಾಕಿದ್ರೂ ಹಣ್ಣೇ ಬಂದಿಲ್ಲ. ಜಯನಗರದ ಒಬ್ರು ಅಮ್ಮ ಪ್ರತಿ ವರ್ಷ ಮೊಮ್ಮಕ್ಕಳಿಗೆ ಅಂತ ತರಿಸೋರು, ಅವರಿಗೆ ಬಾಕ್ಸ್ ಬಂದಿದೆ, ತೆಗೆದ್ರೆ ಹಣ್ಣಿನ ಮಧ್ಯೆ ಪೇಪರಲ್ಲಿ ಸುತ್ತಿರೋ ಬಿಳಿ ಪುಡಿ ಪೊಟ್ಟಣ, ಮೇಲೆಲ್ಲಾ ಹಳದಿ, ಕೊಯ್ದ್ರೆ ಒಳಗೆ ಹುಳಿ. ಕಾರ್ಬೈಡ್! ನಮ್ಮ ದೇಶದಲ್ಲಿ ಹಣ್ಣು ಮಾಗಿಸೋಕೆ ಅದನ್ನ ಬಳಸೋದೇ ನಿಷೇಧ. "ಏನ್ರೀ, ನಿಮ್ಮನ್ನ ನಂಬಿ ಮಕ್ಕಳಿಗೆ ಕೊಡ್ತೀವಲ್ರೀ" ಅಂದ್ರಂತೆ. ಚಿಕ್ಕಪ್ಪ ಆವತ್ತು ಊಟ ಮಾಡ್ಲಿಲ್ಲ.

ಒಳಗೇನಾಗಿತ್ತು ಅಂದ್ರೆ, ಫೇಸ್‌ಬುಕ್ ಪೇಜಲ್ಲಿ ಫುಲ್ ಕಂಟ್ರೋಲ್ ಇರೋ ಆಕ್ಸೆಸ್ ಬೇರೆ, ಪಾರ್ಶಿಯಲ್ ಕಂಟ್ರೋಲ್ ಬೇರೆ. ಪೋಸ್ಟು, ಮೆಸೇಜು, ಜಾಹೀರಾತು ಇವೆಲ್ಲಾ ಪಾರ್ಶಿಯಲ್ ಇದ್ರೂ ಆಗತ್ತೆ, ಅದಕ್ಕೇ ದಿನಾ ಬಳಸೋರಿಗೆ ವ್ಯತ್ಯಾಸಾನೇ ತಿಳಿಯಲ್ಲ. ಆದ್ರೆ ಬೇರೆಯವ್ರಿಗೆ ಆಕ್ಸೆಸ್ ಕೊಡೋದು, ಕಿತ್ತಾಕೋದು, ಪೇಜನ್ನೇ ಡಿಲೀಟ್ ಮಾಡೋದು ಫುಲ್ ಕಂಟ್ರೋಲ್ ಇರೋರಿಗೆ ಮಾತ್ರ. ಚಿಕ್ಕಪ್ಪಂಗೆ ಕೊಟ್ಟಿದ್ದು ಪಾರ್ಶಿಯಲ್. ಸಾಲದ್ದಕ್ಕೆ ಪೇಜನ್ನ ಅವ್ನ ಏಜೆನ್ಸಿಯ ಬಿಸಿನೆಸ್ ಪೋರ್ಟ್‌ಫೋಲಿಯೋ (ಒಂದು ವ್ಯಾಪಾರದ ಪೇಜು, ಜಾಹೀರಾತು ಅಕೌಂಟು ಎಲ್ಲಾ ಒಟ್ಟಿಗೆ ಇಡೋ ಖಾತೆ) ಒಳಗೆ ಸೇರಿಸಿಟ್ಟಿದ್ದ, ಅಂದ್ರೆ ಫೇಸ್‌ಬುಕ್ ನಡೆಸೋ ಮೆಟಾ ಕಂಪನಿ ಲೆಕ್ಕದಲ್ಲಿ ಪೇಜಿನ ಓನರ್ರೇ ಆ ಏಜೆನ್ಸಿ. ತೋಟ ನಮ್ದು, ಹಣ್ಣು ನಮ್ದು, ಹೆಸ್ರು ನಮ್ದು, ಪೇಜ್ ಅವ್ನದು.

ಮೆಟಾಗೆ ರಿಪೋರ್ಟ್ ಮಾಡಿದ್ವಿ. ಐಡಿ ಪ್ರೂಫು, ವ್ಯಾಪಾರದ ಹೆಸರಲ್ಲಿರೋ ದಾಖಲೆ ಕೇಳಿದ್ರು. ತಾಜಾ ಮಾವಿನ ಹಣ್ಣಿಗೆ ಜಿಎಸ್‌ಟಿ ಇಲ್ಲ, ಹಂಗಾಗಿ ಜಿಎಸ್‌ಟಿ ನಂಬರ್ ಇರ್ಲಿಲ್ಲ, ಪಹಣಿ ಚಿಕ್ಕಪ್ಪನ ಹೆಸರಲ್ಲಿದೆ ಆದ್ರೆ ಪೇಜಿನ ಹೆಸರಲ್ಲಿ ಒಂದು ಕಾಗದಾನೂ ಇಲ್ಲ. ಕೋಲಾರದ ಸಿಇಎನ್ ಠಾಣೇಲಿ (ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆ) ಕಂಪ್ಲೇಂಟ್ ತಗೊಂಡ್ರು. ದುಡ್ಡು ಕಳ್ಕೊಂಡ ಗಿರಾಕಿಗಳಿಗೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ನಾವೇ ಹೇಳಿದ್ವಿ, ಅದಕ್ಕೆ ತಡ ಮಾಡ್ಬಾರ್ದು, ದುಡ್ಡು ಇನ್ನೊಂದು ಅಕೌಂಟಿಗೆ ದಾಟೋ ಮುಂಚೆ ಹೇಳಿದ್ರೆ ತಡೆಯೋ ಸಾಧ್ಯತೆ ಜಾಸ್ತಿ. ಇಷ್ಟರಲ್ಲಿ ರಸಪುರಿ ಮುಗಿದೇ ಹೋಯ್ತು, ಬಾದಾಮಿನ ಸಿಕ್ಕಿದ ರೇಟಿಗೆ ಮಂಡಿಗೆ ಹಾಕಿದ್ವಿ.

ಈಗ ನೀವು ನಿಮ್ಮ ಪೇಜಿಗೆ ಹೋಗಿ ಸೆಟ್ಟಿಂಗ್ಸಲ್ಲಿ ಪೇಜ್ ಆಕ್ಸೆಸ್ ತೆಗೀರಿ. ನಿಮ್ಮ ಹೆಸರಿನ ಹತ್ರ ಫುಲ್ ಕಂಟ್ರೋಲ್ ಅಂತ ಇರ್ಬೇಕು. ಆ ಆಪ್ಷನ್ನೇ ಕಾಣಿಸ್ತಿಲ್ಲ ಅಂದ್ರೆ ನಿಮ್ಮ ಹತ್ರ ಫುಲ್ ಕಂಟ್ರೋಲ್ ಇಲ್ಲ ಅಂತಾನೇ ಇಟ್ಕೊಳ್ಳಿ. ಗೂಗಲ್ ಬಿಸಿನೆಸ್ ಪ್ರೊಫೈಲಲ್ಲಾದ್ರೆ ಪ್ರೈಮರಿ ಓನರ್ ಅಂತ ಒಬ್ರು ಇರ್ತಾರೆ, ಅವ್ರನ್ನ ಬೇರೆಯವ್ರು ತೆಗೆಯೋಕಾಗಲ್ಲ. ಫೇಸ್‌ಬುಕ್ ಪೇಜಲ್ಲಿ ಹಂಗಿಲ್ಲ, ಪೇಜ್ ಶುರು ಮಾಡ್ದೋರನ್ನೂ ಇನ್ನೊಬ್ಬ ಫುಲ್ ಕಂಟ್ರೋಲ್ ಇರೋನು ಕಿತ್ತಾಕ್ಬಹುದು, ಅದಕ್ಕೇ ಅದನ್ನ ಮನೆಯವ್ರು ಇಬ್ರಿಗೆ ಬಿಟ್ಟು ಹೊರಗಿನವ್ರಿಗೆ ಕೊಡ್ಬೇಡಿ. ಇಬ್ರು ಯಾಕಂದ್ರೆ ಒಬ್ರ ಅಕೌಂಟ್ ಲಾಕ್ ಆದ್ರೆ ಇನ್ನೊಬ್ರು ಇರ್ಲಿ ಅಂತ, ಇಬ್ರೂ ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳೋದು) ಆನ್ ಮಾಡಿರ್ಬೇಕು. ಪೋರ್ಟ್‌ಫೋಲಿಯೋ ನಿಮ್ಮ ಹೆಸರಲ್ಲೇ ಮಾಡ್ಕೊಂಡು ಏಜೆನ್ಸಿನ ಪಾರ್ಟ್ನರ್ ಅಂತ ಸೇರಿಸಿ ಬೇಕಾದ ಕೆಲಸಕ್ಕಷ್ಟೇ ಪರ್ಮಿಷನ್ ಕೊಡಿ, ಜಾಹೀರಾತು ಹಾಕೋಕೆ ಅಷ್ಟು ಸಾಕು. ಇದು ಸಾಕಾಗಲ್ಲ, ಫುಲ್ಲೇ ಬೇಕು ಅಂತ ಹಠ ಮಾಡೋರಿಗೆ ಕೆಲಸ ಕೊಡ್ಬೇಡಿ ಅನ್ನೋದು ನನ್ನ ಅಭಿಪ್ರಾಯ.

ಮೆಸೆಂಜರಲ್ಲಿ "ನಿಮ್ಮ ಪೇಜ್ 24 ಗಂಟೇಲಿ ಬಂದ್ ಆಗತ್ತೆ, ಈ ಲಿಂಕ್ ಒತ್ತಿ" ಅಂತ ಮೆಟಾ ಸಪೋರ್ಟ್ ಹೆಸರಲ್ಲಿ ಬರೋ ಮೆಸೇಜೂ ಪೇಜ್ ಕದಿಯೋಕೇನೇ, ಒತ್ತಬೇಡಿ.

ನೋಡಿದ್ಮೇಲೆ ನಿಮ್ಮ ಹತ್ರ ಪಾರ್ಶಿಯಲ್ ಮಾತ್ರ ಇದೆ ಅಂತ ಗೊತ್ತಾದ್ರೆ ತಕ್ಷಣ ಫೋನ್ ಮಾಡಿ ಕೂಗಾಡ್ಬೇಡಿ. ಮೊದ್ಲು ಪೇಜಿನ ಸ್ಕ್ರೀನ್‌ಶಾಟ್, ಹಳೇ ಆರ್ಡರ್ ಮೆಸೇಜು, ಅವ್ರಿಗೆ ದುಡ್ಡು ಕೊಟ್ಟಿರೋ ಪ್ರೂಫು, ಗಿರಾಕಿಗಳ ನಂಬರು ಎಲ್ಲಾ ತೆಗೆದಿಟ್ಕೊಳ್ಳಿ. ಆಮೇಲೆ ಫುಲ್ ಕಂಟ್ರೋಲ್ ಕೇಳಿ, ಅವ್ರ ಪೋರ್ಟ್‌ಫೋಲಿಯೋದಿಂದ ಪೇಜ್ ಬಿಡಿಸಿ ನಿಮ್ಮದಕ್ಕೆ ಹಾಕಿಸ್ಕೊಳ್ಳಿ, ಅದು ನಿಮ್ಮ ಫೋನಲ್ಲಿ ಕಣ್ಣಿಗೆ ಕಂಡ್ಮೇಲೇನೇ ಕೊನೇ ಬಾಕಿ ಕೊಡಿ.