ಮಗುವಿಗೆ ಬಿನೆ-ಕಾಮತ್ ಐಕ್ಯೂ ಟೆಸ್ಟ್ ಮಾಡಿಸುವ ಮೊದಲು

ಮಗು ಓದು ಬರಹಕ್ಕೆ ತುಂಬಾ ಒದ್ದಾಡುತ್ತಿದ್ದರೆ ಈ ಟೆಸ್ಟ್ ಖಂಡಿತ ಮಾಡಿಸಿ. ಜಾಣನೋ ದಡ್ಡನೋ ಅಂತ ಸುಮ್ನೆ ನೋಡುವುದಕ್ಕಾದರೆ ಬೇಡ.

ನಮ್ಮ ಅಕ್ಕನ ಮಗ ಕಥೆ ಹೇಳಲು ಕೂತರೆ ನಿಲ್ಲಿಸುವುದೇ ಇಲ್ಲ, ಪುಸ್ತಕ ಕೊಟ್ಟರೆ ಮಾತ್ರ ಅಕ್ಷರ ಕೂಡಿಸಿ ಓದಲು ಕಷ್ಟಪಡುತ್ತಾನೆ. ಶಾಲೆಯವರು ಹೇಳಿದರು ಅಂತ ಒಂದು ಕ್ಲಿನಿಕ್‌ನಲ್ಲಿ ಮಾಡಿಸಿದೆವು. ಟೆಸ್ಟ್ ನಡೆಸಿದ ರೀತಿ ಬಹಳ ಇಷ್ಟವಾಯಿತು. ಎದುರು ಕೂರಿಸಿಕೊಂಡು, ಕನ್ನಡದಲ್ಲೇ ಕೇಳುತ್ತಾ, ಚಿತ್ರ ತೋರಿಸುತ್ತಾ, ಅಂಕಿಗಳನ್ನು ಹೇಳಿ ಅದೇ ಸಾಲಾಗಿ ಮತ್ತೆ ಹೇಳಿಸುತ್ತಾ, ಅವನು ಸುಸ್ತಾದಾಗ ನಡುವೆ ಸ್ವಲ್ಪ ಬಿಟ್ಟು ಮಾಡಿದರು. ಇದು ನಮ್ಮ ಧಾರವಾಡದ ಟೆಸ್ಟ್ ಅಂತ ಎಷ್ಟು ಜನರಿಗೆ ಗೊತ್ತು? ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗುವ ಹಾಗೆ, ಪ್ಯಾರಿಸ್‌ನ ಬಿನೆ ಅವರಿಂದ ಶುರುವಾದ ಬುದ್ಧಿಮತ್ತೆ ಪರೀಕ್ಷೆಯನ್ನು ತಿದ್ದಿದರು.

ಬೇಸರವಾಗಿದ್ದು ರಿಪೋರ್ಟ್ ನೋಡಿ. ಒಂದು ಐಕ್ಯೂ ಅಂಕಿ, ಕೆಳಗೆ ಸೀಲು, ಅಷ್ಟೇ! ಆ ಅಂಕಿ ಬರುವುದು ಹೇಗೆ ಗೊತ್ತಾ, ಮಗುವಿನ ಮಾನಸಿಕ ವಯಸ್ಸನ್ನು (ಎಷ್ಟು ವಯಸ್ಸಿನ ಮಕ್ಕಳ ಮಟ್ಟದ ಪ್ರಶ್ನೆಗಳಿಗೆ ಉತ್ತರಿಸುತ್ತದೆ ಅನ್ನುವುದು) ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸುತ್ತಾರೆ. ನೆನಪಿನಲ್ಲಿ ಹಿಂದೆ, ಮಾತಿನಲ್ಲಿ ಮುಂದೆ ಇರುವ ಮಗುವಿಗೂ ಎಲ್ಲದರಲ್ಲೂ ನಡುವೆ ಇರುವ ಮಗುವಿಗೂ ಒಂದೇ ಅಂಕಿ ಬರಬಹುದು. ಅವೆರಡೂ ಒಂದೇ ಥರದ ಮಕ್ಕಳಲ್ಲ, ಅಲ್ವಾ? ಅಕ್ಕ ಪಟ್ಟು ಹಿಡಿದು ಕೇಳಿದ ಮೇಲೆ ಬಿಡಿಬಿಡಿ ವಿವರ ಕೊಟ್ಟರು. ಅಂಕಿ ನೆನಪಿಡುವುದರಲ್ಲಿ ಹಿಂದೆ, ಮಾತಿನಲ್ಲಿ ಯೋಚಿಸುವುದರಲ್ಲಿ ವಯಸ್ಸಿಗಿಂತ ಮುಂದೆ. ಅವನ ಟೀಚರ್‌ಗೆ ಉಪಯೋಗಕ್ಕೆ ಬಂದಿದ್ದು ಆ ಹಾಳೆಯೇ. ಈಗ ಅವರು ಒಂದೊಂದೇ ಸೂಚನೆ ಕೊಡುತ್ತಾರೆ, ಉತ್ತರವನ್ನು ಬಾಯಲ್ಲೂ ಹೇಳಿಸುತ್ತಾರೆ.

ಆಲ್ಫ್ರೆಡ್ ಬಿನೆ 1905ರಲ್ಲಿ ಪ್ಯಾರಿಸ್‌ನಲ್ಲಿ ಈ ಕೆಲಸ ಶುರು ಮಾಡಿದ್ದೂ ಯಾವ ಮಗುವಿಗೆ ಹೆಚ್ಚು ಸಹಾಯ ಬೇಕು ಅಂತ ಕಂಡುಹಿಡಿಯುವುದಕ್ಕೆ. ಬುದ್ಧಿ ಹುಟ್ಟಿನಿಂದ ಇಷ್ಟೇ, ಜಾಸ್ತಿ ಆಗುವುದಿಲ್ಲ ಅನ್ನುವುದನ್ನು ಅವರು ಒಪ್ಪಿರಲೇ ಇಲ್ಲ. ಹಣೆಗೆ ಅಂಟಿಸುವ ಚೀಟಿಯಾಗಿ ಬಳಸಿದವರು ಆಮೇಲಿನವರು.

ಇನ್ನೊಂದು ವಿಷಯ. ಈ ಟೆಸ್ಟಿನ ಮಾನದಂಡ ಹಳೆಯದು, ಅಂದರೆ ಇಂದಿನ ಮಗುವನ್ನು ಹಿಂದಿನ ಕಾಲದ ಮಕ್ಕಳ ಮಟ್ಟಕ್ಕೆ ಹೋಲಿಸುತ್ತದೆ. ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳಲ್ಲಿ ಮಕ್ಕಳ ಅಂಕ ಏರುತ್ತಾ ಬಂದಿದೆ ಅಂತ ಹಲವು ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಹಾಗಾಗಿ ಹಳೇ ಅಳತೆಯಲ್ಲಿ ಬಂದ ಅಂಕಿ ಸ್ವಲ್ಪ ಉಬ್ಬಿರಬಹುದು. ಐದಾರು ಅಂಕದ ವ್ಯತ್ಯಾಸ ಹಿಡಿದು ಅಣ್ಣ ತಮ್ಮಂದಿರನ್ನು ದಯವಿಟ್ಟು ಹೋಲಿಸಬೇಡಿ.

ಹೋಗುವವರು ಮೊದಲೇ ಫೋನ್ ಮಾಡಿ ಮೂರು ವಿಷಯ ಕೇಳಿ: ಮಗುವಿನ ಮನೆಮಾತಿನಲ್ಲೇ ನಡೆಸುತ್ತಾರಾ, ನಡೆಸುವವರು ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟಾ, ರಿಪೋರ್ಟಿನಲ್ಲಿ ಬಿಡಿಬಿಡಿ ವಿವರ ಇರುತ್ತದಾ. ಮೂರನೆಯದಕ್ಕೆ ಇಲ್ಲ ಅಂದರೆ ಬೇರೆ ಕಡೆ ಹೋಗಿ.