ಅವ್ವನ ಕಾಲಿನ ಹುಣ್ಣಿಗೆ ಕೆಂಪು ಬೆಳಕಿನ ಪ್ಯಾಡ್: 11 ತಿಂಗಳು ಬಳಸಿದ ಮೇಲೆ (5ಕ್ಕೆ 3)

ನಮ್ಮವ್ವನಿಗೆ 79 ವರ್ಷ, ತೂಕ 41 ಕೆ.ಜಿ. ಊರು ಮಂಡ್ಯದ ಪಕ್ಕ. ಹೋದ ವರ್ಷ ಗದ್ದೆ ಬದುವಿನ ಹತ್ತಿರ ಕಬ್ಬಿನ ಕೂಳೆ ತಾಗಿ ಎಡಗಾಲಿನ ಗಿಣ್ಣಿನ ಒಳಬದಿ ತರಚಿತು. ನಮಗಾದರೆ ವಾರದಲ್ಲಿ ಮಾಯುವ ಗಾಯ. ಅವ್ವನಿಗೆ ಐದು ತಿಂಗಳಾದರೂ ಮಾಯಲಿಲ್ಲ, ಹುಣ್ಣಾಗಿ ಸೋರತೊಡಗಿತು. ಪಕ್ಕದ ಮನೆಯವರು ಮೆತ್ತಿದ್ದ ಅರಿಶಿನದ ಮುದ್ದೆ ತೆಗೆಯೋಕೇ ಸಿಸ್ಟರ್‌ಗೆ ಅರ್ಧ ಗಂಟೆ ಹಿಡಿಯಿತು.

ಆಗ ಕೊಂಡದ್ದು ಇದು. 11,500 ರೂಪಾಯಿ. ಅಂಗೈಗಿಂತ ಸ್ವಲ್ಪ ದೊಡ್ಡ ಪ್ಯಾಡ್. 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಎಲ್‌ಇಡಿ, ಜೊತೆಗೆ ಕಣ್ಣಿಗೆ ಕಾಣದ 850ರ ಇನ್‌ಫ್ರಾರೆಡ್. ಮೊದಲ ದಿನ ಹಚ್ಚಿದಾಗ ಅವ್ವ ಅಂದದ್ದು: “ದೀಪ ತೋರ್ಸುದ್ರೆ ಗಾಯ ಮಾಯ್ದದೇನ್ಲಾ ಮಗ? ಅಂಗಾದ್ರೆ ನಂದಾದೀಪದ ಮುಂದೇನೆ ಕಾಲ್ ಚಾಚ್ಕಂಡ್ ಕೂತಿರ್ತಿದ್ನಲ್ಲ.”

ಈ ವಿದ್ಯೆ ಪೂರಾ ಬೊಗಳೆಯೇನಲ್ಲ. 1967ರ ಸುಮಾರಿಗೆ ಹಂಗೇರಿಯ ಎಂಡ್ರೆ ಮೆಸ್ಟರ್ ಅನ್ನೋ ಡಾಕ್ಟರು ಇಲಿಗಳ ಮೈ ಬೋಳಿಸಿ ಲೇಸರ್ ಬಿಟ್ಟಾಗ ಬೆಳಕು ಬಿದ್ದ ಕಡೆ ಕೂದಲು ಬೇಗ ಬಂತಂತೆ. ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಒಂದು ಕಿಣ್ವ ಕೆಂಪು ಬೆಳಕನ್ನು ಹೀರಿ ಕೋಶದ ಕೆಲಸ ಚುರುಕಾಗುತ್ತೆ ಅನ್ನೋದು ಈಗಿನ ವಿವರಣೆ. ಆದರೆ ಮಾರುವವರ ಜಾಹೀರಾತು ನೋಡಿದರೆ ಕಾಲು ಕತ್ತರಿಸೋದನ್ನೇ ತಪ್ಪಿಸುತ್ತೆ ಅನ್ನೋ ಹಾಗಿದೆ. ಅಷ್ಟಕ್ಕೆಲ್ಲ ಆಧಾರ ಇಲ್ಲ.

ಈಗ ನಾನು ಮಾಡಿದ ಎಡವಟ್ಟು. ಜೊತೆಗೆ ಬಂದ ಪುಸ್ತಕದಲ್ಲಿ ದಿನಕ್ಕೆ 20 ನಿಮಿಷ ಅಂತಿತ್ತು. ಮೂರು ವಾರ ಹಾಗೇ ಹಿಡಿದೆ, ಏನೂ ಆಗಲಿಲ್ಲ. ಮೈಸೂರಿನ ಒಬ್ಬ ಫಿಸಿಯೋಥೆರಪಿ ಮೇಡಂ ಹತ್ರ ತೋರಿಸಿದಾಗ ಅವರು ಮೊಬೈಲಲ್ಲೇ ಲೆಕ್ಕ ಹಾಕಿದರು. ಡಬ್ಬದ ಮೇಲೆ ಚದರ ಸೆಂಟಿಮೀಟರಿಗೆ 30 ಮಿಲಿವ್ಯಾಟ್ ಅಂತಿದೆ. 30ನ್ನು 1200 ಸೆಕೆಂಡಿಗೆ ಗುಣಿಸಿ ಸಾವಿರದಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ 36 ಜೂಲ್ (ಜೂಲ್ ಅಂದ್ರೆ ಶಕ್ತಿಯ ಅಳತೆ). ತೆರೆದ ಗಾಯಕ್ಕೆ ಸಾಮಾನ್ಯವಾಗಿ ಕೊಡೋದು 4 ಜೂಲ್ ಆಸುಪಾಸು. “ಎರಡು ನಿಮಿಷ ಸಾಕು ಸರ್. ಬೆಳಕು ಜಾಸ್ತಿಯಾದ್ರೆ ಉಲ್ಟಾನೂ ಹೊಡೆಯುತ್ತೆ,” ಅಂದರು. ಪುಸ್ತಕ ಬರೆದವನು ಮಂಡಿನೋವಿನ ಲೆಕ್ಕವನ್ನೇ ಗಾಯಕ್ಕೂ ಹಚ್ಚಿದ್ದ ಅಂತ ಕಾಣುತ್ತೆ.

ಅಲ್ಲಿಂದ ನಮ್ಮ ಪದ್ಧತಿ ಹೀಗಾಯ್ತು: ಸಲೈನಲ್ಲಿ ತೊಳೆದು, ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಅಡ್ಡ ಇಟ್ಟು, ಎರಡೇ ನಿಮಿಷ ಬೆಳಕು. ಗಾಜ್ ಬಟ್ಟೆ ಮೇಲೆ ಹಿಡಿದರೆ ಸಾಕಷ್ಟು ಬೆಳಕು ಬಟ್ಟೆಗೇ ಹೋಗಿಬಿಡುತ್ತೆ. ಕಣ್ಣಿಗೆ ಕಪ್ಪು ಕನ್ನಡಕ ಕೊಟ್ಟಿದ್ದಾರೆ. ಅವ್ವ ಅದರ ಬದಲು ಸೆರಗನ್ನೇ ಮುಖದ ಮೇಲೆ ಎಳ್ಕೊಂಡು ಕೂರ್ತಿತ್ತು. ಪ್ರತಿ ಭಾನುವಾರ ಪಾರದರ್ಶಕ ಹಾಳೆ ಹಿಡಿದು ಗಾಯದ ಅಂಚನ್ನು ಮಾರ್ಕರಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲ ಹಾಳೆಯಲ್ಲಿ ಉದ್ದ 4.2 ಸೆಂ.ಮೀ. ಆ ಹಾಳೆಗಳು ಬೀರುವಿನ ಬಾಗಿಲಿಗೆ ಅಂಟಿಕೊಂಡೇ ಇವೆ, ಈಗಲೂ.

ಆ ಹಾಳೆಗಳೇ ನನ್ನ ಕಣ್ಣು ತೆರೆಸಿದ್ದು. ಡಾಕ್ಟರು ವೆರಿಕೋಸ್ ಹುಣ್ಣು ಅಂದಿದ್ದರು, ಅಂದ್ರೆ ಕಾಲಿನ ರಕ್ತ ಸರಿಯಾಗಿ ಮೇಲೇರದೆ ನಿಂತು ಆಗೋ ಹುಣ್ಣು. ಡಾಪ್ಲರ್ (ರಕ್ತದ ಓಟ ನೋಡೋ ಪರೀಕ್ಷೆ) ಮಾಡಿಸಿ ಕಾಲಿಗೆ ರಕ್ತ ಇಳಿಯೋದು ಸರಿಯಿದೆ ಅಂತ ಖಾತ್ರಿ ಮಾಡಿಕೊಂಡೇ ಬಿಗಿ ಬ್ಯಾಂಡೇಜ್ ಸುತ್ತಿಸಿದ್ದರು. ಪ್ಯಾಡ್ ಶುರುವಾದ ಮೂರನೇ ತಿಂಗಳು ನೆಂಟರ ಮದುವೆ. ಸೀರೆ ಕೆಳಗೆ ಚೆನ್ನಾಗಿ ಕಾಣಲ್ಲ ಅಂತ ಅವ್ವ ಹತ್ತು ದಿನ ಬ್ಯಾಂಡೇಜ್ ಕಟ್ಟಿಸಿಕೊಳ್ಳಲಿಲ್ಲ. ಬೆಳಕು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಕಾಲು ಬಾತು ಗಾಯ ಇದ್ದದ್ದಕ್ಕಿಂತ ಅರ್ಧ ಸೆಂ.ಮೀ. ಹೆಚ್ಚು ಅಗಲವಾಯ್ತು. ನಾಲ್ಕನೇ ತಿಂಗಳು ಎಲ್‌ಇಡಿಯ ಒಂದು ಸಾಲು ಸತ್ತು ಪ್ಯಾಡ್ ರಿಪೇರಿಗೆ ಹೋಯ್ತು, ವಾಪಸ್ ಬರೋಕೆ 19 ದಿನ. ಆ 19 ದಿನವೂ ಬ್ಯಾಂಡೇಜ್ ಇತ್ತು, ಗಾಯ ಕುಗ್ಗುತ್ತಲೇ ಹೋಯ್ತು.

ಹಾಗಾದರೆ ಪ್ಯಾಡ್ ದಂಡವಾ? ಹಾಗೂ ಹೇಳೋಕಾಗಲ್ಲ. ಎರಡು ನಿಮಿಷದ ಲೆಕ್ಕಕ್ಕೆ ಬಂದ ಮೇಲೆ ರಾತ್ರಿ ಉರಿ ಕಮ್ಮಿ ಅಂತ ಅವ್ವ ತಾನಾಗೇ ಹೇಳಿತು, ನಿದ್ದೆ ಹತ್ತಿತು. ಬೆಳಕಿದ್ದ ವಾರಗಳಲ್ಲಿ ಗಾಯ ಕುಗ್ಗಿದ್ದು ತುಸು ಜಾಸ್ತಿ. ಆದರೆ ಅದೇ ಹೊತ್ತಿಗೆ ಅರ್ಧ ಮುದ್ದೆ ಬಸ್ಸಾರಿನ ಜೊತೆ ದಿನಾ ಎರಡು ಮೊಟ್ಟೆಯೂ ಶುರುವಾಗಿತ್ತು. ನನ್ನ ಮಟ್ಟಿಗೆ ಬ್ಯಾಂಡೇಜ್ ಔಷಧಿ, ಇದು ಒತ್ತಾಸೆ. ಐದನೇ ತಿಂಗಳು ಗಾಯ ಪೂರ್ತಿ ಕೂಡಿಕೊಂಡಿತು. ಈಗ ಅವ್ವ ಬಿಗಿ ಸ್ಟಾಕಿಂಗ್ ಹಾಕಿಕೊಳ್ಳುತ್ತೆ. ಸಂಜೆ ಮಾತ್ರ ನೋವು ಅಂದಾಗ ಪ್ಯಾಡ್ ಕೇಳುತ್ತೆ.

ವಸ್ತುವಿನ ಬಗ್ಗೆ: ವೆಲ್ಕ್ರೊ ಪಟ್ಟಿ ಆರು ತಿಂಗಳಿಗೇ ಹಿಡಿತ ಬಿಟ್ಟಿತು. ಬ್ಯಾಟರಿ ಇಲ್ಲ, ಕರೆಂಟ್ ಹೋದರೆ ಕೂತು ಕಾಯಬೇಕು. ಪುಸ್ತಕದಲ್ಲಿ ಕನ್ನಡ ಒಂದಕ್ಷರ ಇಲ್ಲ. ಕ್ಯಾನ್ಸರ್ ಅನುಮಾನ ಇರೋ ಹುಣ್ಣಿಗೆ ಹಿಡೀಬೇಡಿ ಅನ್ನೋದು ಕೊನೇ ಪುಟದ ಸಣ್ಣಕ್ಷರದಲ್ಲಿದೆ. ಮೊದಲ ಪುಟದಲ್ಲಿರಬೇಕಿತ್ತು.

ಹೋದ ವಾರ ಬೀದಿ ಕೊನೆಯ ಮನೆಯವರು ಬಂದಿದ್ದರು. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲ್ಬೆರಳಲ್ಲಿ ಗಾಯ, ಹದಿನೈದು ದಿನಕ್ಕೆ ಪ್ಯಾಡ್ ಕೊಡಿ ಅಂದರು. ಬೆರಳು ಯಾವ ಬಣ್ಣ ಇದೆ ಅಂದೆ. ಕಪ್ಪಗಿದೆ ಅಂದರು. ಕೊಡಲಿಲ್ಲ, ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂದೆ. ಮುಖ ಗಂಟು ಹಾಕ್ಕೊಂಡು ಹೋದರು. ಸಂಜೆ ಆಟೋದಲ್ಲಿ ಇಬ್ಬರೂ ಮಂಡ್ಯದ ಕಡೆ ಹೋದದ್ದನ್ನು ಅವ್ವ ಜಗಲಿ ಮೇಲಿಂದ ನೋಡಿ ಹೇಳಿತು.